ಕಾಣದ್ದು ಮತ್ತು ಇಲ್ಲದ್ದು

"ಇದರಲ್ಲಿ ಪೆನ್ನಿ ಎಲ್ಲಿದೆ?" ಎಂದು ಚೌಡಯ್ಯನವರು ಕೇಳಿದರು.

ವಿನೋಬನಗರದ ಆ ದಂತ ಚಿಕಿತ್ಸಾಲಯದಲ್ಲಿ ಆ ಮಾತು ಯಾರಿಗೂ ತಿಳಿಯಲಿಲ್ಲ. ಚೌಡಯ್ಯನವರು ಒರಗು ಕುರ್ಚಿಯಲ್ಲಿದ್ದರು. ಎದೆಯ ಮೇಲೆ ಹಸಿರು ಬಟ್ಟೆ ಹೊದಿಸಿತ್ತು. ಪಕ್ಕದ ತಟ್ಟೆಯಲ್ಲಿ ಅರಿವಳಿಕೆಯ ಸೂಜಿ, ಹಲ್ಲು ಕೀಳುವ ಇಕ್ಕಳ ಎರಡೂ ಸಿದ್ಧವಾಗಿದ್ದವು. ಎದುರಿನ ಪರದೆಯ ಮೇಲೆ ಅವರ ಎಡಗಡೆಯ ಮೇಲ್ದವಡೆಯ ಎಕ್ಸ್‌ರೇ ಬೂದು ಬಣ್ಣದಲ್ಲಿ ಬೆಳಗುತ್ತಿತ್ತು. ಅದನ್ನೇ ಅವರು ದಿಟ್ಟಿಸಿ ನೋಡುತ್ತಿದ್ದರು.

"ಪೆನ್ನಿ ಅಂದ್ರೆ?" ಎಂದರು ಡಾಕ್ಟರ್ ವೀರೇಂದ್ರ. ಮೂವತ್ತು ವರ್ಷಗಳಿಂದ ಶಿವಮೊಗ್ಗದ ದವಡೆಗಳನ್ನು ಬಲ್ಲ ವೈದ್ಯರು ಅವರು.

"ಪೆನಿಟ್ರಾಮೀಟರ್. ಶಾಪಿನಲ್ಲಿ ಪೆನ್ನಿ ಅಂತಿದ್ವಿ. ಅದಿಲ್ಲದ ಫಿಲ್ಮನ್ನ ಮೂವತ್ತೊಂದು ವರ್ಷ ಕಸದ ಬುಟ್ಟಿಗೆ ಹಾಕಿದ್ದೀನಿ. ಇದನ್ನೂ ಹಾಕ್ಬೇಕಾಗುತ್ತೆ."

"ಯಜಮಾನ್ರೆ, ಇದು ಹಲ್ಲು. ನಿಮ್ಮ ಫೌಂಡ್ರಿ ಕ್ಯಾಸ್ಟಿಂಗ್ ಅಲ್ಲ."

"ಕ್ಯಾಸ್ಟಿಂಗಿಗೆ ನೋವಾಗಲ್ಲ ಸಾರ್, ಆದ್ರೂ ಅಷ್ಟು ಜಾಗ್ರತೆ ಮಾಡ್ತಿದ್ವಿ. ಇದಕ್ಕೆ ನೋವಾಗುತ್ತೆ."

ಚೌಡಯ್ಯನವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಎರಕದ ತುಂಡುಗಳನ್ನು ಪರೀಕ್ಷಿಸುವ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಹೊರಗೆ ನುಣುಪಾಗಿ ತೋರುವ ಕಬ್ಬಿಣದ ಒಳಗೆ ಗಾಳಿಗುಳ್ಳೆಯೋ ಬಿರುಕೋ ಅಡಗಿದೆಯೇ ಎಂದು ಕಿರಣ ಹಾಯಿಸಿ, ಫಿಲ್ಮಿನ ಮೇಲೆ ಓದಿ ಹೇಳುವುದು ಅವರ ವೃತ್ತಿಯಾಗಿತ್ತು. ಅರವತ್ತೆಂಟರ ಪ್ರಾಯದಲ್ಲಿ ಈಗ ಅವರ ಬಾಯಿಯೇ ಪರೀಕ್ಷೆಗೆ ಒಳಗಾಗಿತ್ತು. ಬಲಗಡೆಯ ದವಡೆ ಹಲ್ಲುಗಳು ಎಂದೋ ಉದುರಿದ್ದವು. ಎಡಗಡೆ ಮೇಲಿನ ಈ ಒಂದು ಹಲ್ಲು ಮಾತ್ರ ಕೆಳಗಿನ ಹಲ್ಲಿಗೆ ಕೂಡಿ ಅಗಿಯುತ್ತಿತ್ತು. ಸಕ್ಕರೆ ಕಾಯಿಲೆಯ ದೇಹ, ತೆಳುವಾದ ಎಲುಬು. ತಿರುಪು ಹಾಕಿ ಹೊಸ ಹಲ್ಲು ಕೂರಿಸಲು ಬರುವುದಿಲ್ಲವೆಂದು ವೀರೇಂದ್ರರೇ ಹೇಳಿದ್ದರು. ಇದು ಹೋದರೆ ಚೌಡಯ್ಯನವರು ಮಿಕ್ಕ ಆಯುಷ್ಯವನ್ನೆಲ್ಲ ಗಂಜಿಯಲ್ಲಿ ಕಳೆಯಬೇಕಾಗಿತ್ತು.

ಮೂರು ತಿಂಗಳ ಹಿಂದೆ ಆ ಹಲ್ಲಿಗೆ ರೂಟ್ ಕೆನಾಲ್ ಚಿಕಿತ್ಸೆಯಾಗಿತ್ತು. ಹಲ್ಲಿಗೆ ಮೂರು ಬೇರು, ಮೂರು ನಾಳ. ಮೂರನ್ನೂ ಶುದ್ಧಿಗೊಳಿಸಿ ಮದ್ದು ತುಂಬಿದ್ದಾಗಿತ್ತು. ಆದರೂ ಕಚ್ಚಿದಾಗಲೆಲ್ಲ ನೋವು ಕಿವಿಯವರೆಗೆ ಹರಿಯುತ್ತಿತ್ತು. ಈ ಬಗೆಯ ಹಲ್ಲುಗಳಲ್ಲಿ ಮುಂಭಾಗದ ಕೆನ್ನೆಬೇರಿನೊಳಗೆ, ಅಂದರೆ ಕೆನ್ನೆಯ ಕಡೆಗಿರುವ ಬೇರಿನೊಳಗೆ, ಮೊದಲ ನಾಳದ ಮರೆಯಲ್ಲಿ ನಾಲ್ಕನೆಯದೊಂದು ನಾಳ ಕೂದಲೆಳೆಯಂತೆ ಅಡಗಿರುವುದುಂಟು. ಅದು ತಪ್ಪಿಹೋಗಿದ್ದರೆ ನೋವು ಉಳಿಯುತ್ತದೆ. ಹುಡುಕಿ ತುಂಬಿದರೆ ಹಲ್ಲೂ ಉಳಿಯುತ್ತದೆ. ವೀರೇಂದ್ರರು ಅದನ್ನು ಮರೆತವರಲ್ಲ. ಎಕ್ಸ್‌ರೇ ತೆಗೆಸಿದರು, ಕಾಣಲಿಲ್ಲ. ಆಲ್ಕೊಳದ ಸ್ಕ್ಯಾನ್ ಕೇಂದ್ರಕ್ಕೆ ಕಳಿಸಿ ಇಡೀ ದವಡೆಯ ಮೂರು ಆಯಾಮದ ಸ್ಕ್ಯಾನ್ ಮಾಡಿಸಿದರು, ಅಲ್ಲಿಯೂ ಕಾಣಲಿಲ್ಲ. ವರದಿಯಲ್ಲಿ ಹೆಚ್ಚಿನ ನಾಳವಿಲ್ಲ ಎಂದು ಅಚ್ಚಾಗಿ ಬಂದಿತು.

"ನೋಡಿ, ಎರಡು ಕಡೆ ನೋಡಿ ಆಯ್ತು. ನಾಲ್ಕನೇದು ಇಲ್ಲ. ಕೆಲವರಿಗೆ ನೋವು ಹಲ್ಲಲ್ಲಿರಲ್ಲ ಯಜಮಾನ್ರೆ, ತಲೇಲಿರುತ್ತೆ. ಕಿತ್ತರೆ ಎರಡೂ ಸರಿಹೋಗುತ್ತೆ" ಎಂದರು ವೀರೇಂದ್ರರು.

ಚೌಡಯ್ಯನವರು ಎದೆಯ ಮೇಲಿನ ಹಸಿರು ಬಟ್ಟೆಯನ್ನು ತೆಗೆದು, ನಾಲ್ಕು ಮಡಿಕೆ ಮಾಡಿ, ಇಕ್ಕಳದ ಮೇಲೆ ಹೊದಿಸಿದರು.

"ಕಾಣ್ಲಿಲ್ಲ ಅನ್ನಿ, ಒಪ್ತೀನಿ. ಇಲ್ಲ ಅನ್ನಬೇಡಿ. ಇಲ್ಲ ಅನ್ನೋಕೆ ನಿಮ್ಮ ಹತ್ರ ಏನೂ ಇಲ್ಲ."

"ಸೋಂಕು ಏರಿದ್ರೆ ನನ್ನ ಕೇಳ್ಬೇಡಿ."

"ನಿಮ್ಮನ್ನಲ್ದೆ ಇನ್ಯಾರನ್ನ ಕೇಳ್ಲಿ ಸಾರ್? ಬಾಯಿ ನೋಡಿದವರು ನೀವೇ ತಾನೆ" ಎಂದು ಹೇಳಿ ಚೌಡಯ್ಯನವರು ಕುರ್ಚಿಯಿಂದ ಇಳಿದರು.

ಇದನ್ನೆಲ್ಲ ಕಿರಿಯ ವೈದ್ಯೆ ನೌರೀನ್ ಮೂಲೆಯಲ್ಲಿ ನಿಂತು ಕೇಳುತ್ತಿದ್ದಳು. ಕೋಟೆಯ ಕಡೆಯ ಗಲ್ಲಿಯವಳಾದ ಆಕೆ ಈ ಚಿಕಿತ್ಸಾಲಯಕ್ಕೆ ಸೇರಿ ಒಂದೂವರೆ ವರ್ಷವಾಗಿತ್ತು. ರೋಗಿಗಳು ಅಂಜುವುದನ್ನೂ ಅಳುವುದನ್ನೂ ಕಂಡಿದ್ದಳು. ಎಕ್ಸ್‌ರೇಯನ್ನೇ ಕಟಕಟೆಗೆ ಕರೆದವರನ್ನು ಕಂಡಿರಲಿಲ್ಲ. ಚೌಡಯ್ಯನವರು ಮೆಟ್ಟಿಲಿಳಿಯುವಷ್ಟರಲ್ಲಿ ಆಕೆ ಹಿಂದೆಯೇ ಬಂದಳು.

"ಅಂಕಲ್, ಪೆನ್ನಿ ಅಂದ್ರೆ ಏನು ಅಂತ ನಂಗೆ ಹೇಳಿ."

ಅವರು ಬೀಗದ ಕೈಗಳ ಗೊಂಚಲನ್ನು ಹೊರತೆಗೆದರು. ಅದರಲ್ಲಿ ಉಗುರಿನಗಲದ ಒಂದು ತೆಳು ಉಕ್ಕಿನ ತಗಡು ತೂಗುತ್ತಿತ್ತು. ಅದರಲ್ಲಿ ಸಾಲಾಗಿ ಮೂರು ಸಣ್ಣ ರಂಧ್ರಗಳು.

"ಇದನ್ನ ಕ್ಯಾಸ್ಟಿಂಗ್ ಮೇಲೆ ಇಟ್ಟು ಶಾಟ್ ತೆಗೀಬೇಕು ತಾಯಿ. ಆಮೇಲೆ ಫಿಲ್ಮಲ್ಲಿ ಮೊದಲು ಹುಡುಕೋದು ಇದನ್ನೇ. ಈ ತೂತು ಕಂಡ್ರೆ, ಇಷ್ಟು ಸಣ್ಣ ದೋಷ ಕಬ್ಬಿಣದೊಳಗೆ ಇದ್ದಿದ್ರೆ ಅದೂ ಕಾಣ್ತಿತ್ತು ಅಂತಾಯ್ತು. ಆಗ 'ದೋಷ ಇಲ್ಲ' ಅಂತ ಬರೀಬಹುದು. ಇದೇ ಕಾಣದಿದ್ರೆ, ಕ್ಯಾಸ್ಟಿಂಗ್ ಎಷ್ಟೇ ಚೆಂದ ಕಾಣ್ಲಿ, ಫಿಲ್ಮ್ ಕುರುಡು. ಕುರುಡು ಫಿಲ್ಮಿನ ಸಾಕ್ಷಿ ತಗೊಳಂಗಿಲ್ಲ."

ನೌರೀನ್ ತಗಡನ್ನು ಬೆಳಕಿಗೆ ಹಿಡಿದು ನೋಡಿದಳು.

ನಮ್ಮ ಪೂರ್ವದ ತಾರ್ಕಿಕರು ಈ ಸೂಕ್ಷ್ಮವನ್ನು ಬಹುಕಾಲದ ಹಿಂದೆಯೇ ಗುರುತಿಸಿದ್ದರು. ನೆಲದ ಮೇಲೆ ಕೊಡ ಕಾಣದಿದ್ದರೆ ಕೊಡವಿಲ್ಲವೆನ್ನಬಹುದು, ಆದರೆ ಬೆಳಕಿದ್ದಾಗ ಮಾತ್ರ. ಕತ್ತಲೆಯಲ್ಲಿ ಕಾಣದಿದ್ದುದರಿಂದ ಏನನ್ನೂ ಹೇಳುವಂತಿಲ್ಲ. ವಸ್ತುವು ಇದ್ದಿದ್ದರೆ ತೋರಲೇಬೇಕಾಗಿತ್ತು ಎಂಬಂಥ ಸ್ಥಿತಿಯಲ್ಲಿ ತೋರದಿದ್ದರೆ ಮಾತ್ರ ಆ ತೋರದಿರುವಿಕೆ ಪ್ರಮಾಣ. ಅದಕ್ಕೆ ಅವರು ಯೋಗ್ಯಾನುಪಲಬ್ಧಿ ಎಂದು ಹೆಸರಿಟ್ಟರು. ಶಾಸ್ತ್ರವನ್ನು ಓದಿರದ ಚೌಡಯ್ಯನವರು ಆ ಪ್ರಮಾಣವನ್ನು ಉಕ್ಕಿನಲ್ಲಿ ಕೊರೆಸಿ, ಬೀಗದ ಕೈಯೊಡನೆ ಕಟ್ಟಿಕೊಂಡು ಓಡಾಡುತ್ತಿದ್ದರು.

"ಆದ್ರೆ ಹಲ್ಲಿಗೆ ಉಕ್ಕಿನ ತಗಡು ಇಟ್ರೆ ಪ್ರಯೋಜನ ಇಲ್ಲ ಅಂಕಲ್" ಎಂದಳು ನೌರೀನ್.

"ಸರಿಯಾಗಿ ಹೇಳಿದೆ. ಉಕ್ಕಿಗೆ ಉಕ್ಕಿನ ಪೆನ್ನಿ. ಹಲ್ಲಿಗೆ?"

"ಹಲ್ಲಿನದೇ ಪೆನ್ನಿ."

ಮರುದಿನ ಊಟದ ಬಿಡುವಿನಲ್ಲಿ ಆಕೆ ಚಿಕಿತ್ಸಾಲಯದ ಗಾಜಿನ ಭರಣಿಯನ್ನು ಇಳಿಸಿದಳು. ಕಿತ್ತ ಹಲ್ಲುಗಳನ್ನು ಶಾಲಾಮಕ್ಕಳಿಗೆ ತೋರಿಸಲೆಂದು ಔಷಧಿಯ ನೀರಿನಲ್ಲಿ ಕೂಡಿಟ್ಟ ಭರಣಿ ಅದು. ಅದರಿಂದ ಮೇಲ್ದವಡೆಯ ಹಲ್ಲುಗಳನ್ನೇ ಆರಿಸಿ, ಒಂದೊಂದರ ನೆತ್ತಿಯನ್ನೂ ತೆರೆದು, ಭೂತಗನ್ನಡಿಯ ಕೆಳಗೆ ಕೂದಲಿನಷ್ಟು ತೆಳುವಾದ ಅರದಿಂದ ತಡಕಿದಳು. ಏಳನೆಯ ಹಲ್ಲಿನಲ್ಲಿ ಅರವು ನಾಲ್ಕನೆಯ ದ್ವಾರವೊಂದಕ್ಕೆ ಇಳಿದು, ಬೇರಿನ ತುದಿಯಲ್ಲಿ ಹೊರಬಂದು ಮಿನುಗಿತು. ಇದರಲ್ಲಿ ನಾಲ್ಕನೆಯ ನಾಳ ಉಂಟೆಂಬುದು ನಿಸ್ಸಂದೇಹ. ಆಕೆ ಮೂರು ನಾಳಗಳಿಗೆ ಮಾತ್ರ ಮದ್ದು ತುಂಬಿದಳು. ನಾಲ್ಕನೆಯದನ್ನು ಬರಿದಾಗಿಯೇ ಬಿಟ್ಟಳು.

"ಏನು ನಡೀತಿದೆ?" ಎಂದರು ವೀರೇಂದ್ರರು ಬಾಗಿಲಲ್ಲಿ ನಿಂತು.

"ಸಾರ್, ನಮ್ಮ ಸ್ಕ್ಯಾನಿಗೆ ಕಣ್ಣಿನ ಪರೀಕ್ಷೆ ಮಾಡಿಸ್ತಿದ್ದೀನಿ."

"ಆ ಮುದುಕನ ಮಾತು ಕೇಳ್ಕೊಂಡಾ?"

"ಮಾತು ಸರಿ ಇದೆ ಸಾರ್. ತಪ್ಪು ಎಲ್ಲಿದೆ ಅಂತ ನೀವೇ ತೋರಿಸಿ, ಈಗ್ಲೇ ನಿಲ್ಲಿಸ್ತೀನಿ."

ವೀರೇಂದ್ರರು ತಪ್ಪನ್ನು ತೋರಿಸಲಿಲ್ಲ. ಸರಿಯೆಂದೂ ಹೇಳದೆ ಕೈ ತೊಳೆಯಲು ಹೋದರು.

ಭಾನುವಾರ ನೌರೀನ್ ಆ ಹಲ್ಲನ್ನು ಹಬೆಯಲ್ಲಿ ಶುದ್ಧಿಗೊಳಿಸಿ, ಡಬ್ಬಿಯಲ್ಲಿಟ್ಟುಕೊಂಡು ಭದ್ರಾವತಿಯ ಬಸ್ಸು ಹತ್ತಿದಳು. ನ್ಯೂಟೌನಿನ ಮನೆಯ ಮುಂಜಗಲಿಯಲ್ಲಿ ಚೌಡಯ್ಯನವರು ಪ್ಲಾಸ್ಟರ್ ಪುಡಿ ಹಾಗೂ ಮರದ ಹೊಟ್ಟು ಹರವಿಕೊಂಡು ಕುಳಿತಿದ್ದರು. ಬಾಯಿಯಲ್ಲಿ ಹಲ್ಲನ್ನು ಎಲುಬು ಸುತ್ತುವರಿದಿರುವಂತೆ ಇದನ್ನೂ ಏನಾದರೊಂದು ಸುತ್ತುವರಿಯಬೇಕು, ಇಲ್ಲವಾದರೆ ಪರೀಕ್ಷೆ ನ್ಯಾಯವಾದದ್ದಲ್ಲ ಎಂಬುದು ಅವರ ಹಟ.

ಒಳಗಿನಿಂದ ಮಾಸ್ತಮ್ಮ ಬಂದು, ಅಕ್ಕರೆಯಿಂದ ನೌರೀನಳ ಕೈಗೆ ಮಜ್ಜಿಗೆಯ ಲೋಟ ಕೊಟ್ಟು, ಗಂಡನ ಕಡೆ ತಿರುಗಿದರು.

"ರೀ, ಅದು ನನ್ನ ಟೀ ಸೋಸೋ ಜಾಲರಿ!"

"ಹೊಟ್ಟು ದಪ್ಪ ಇದೆ ಮಾರಾಯ್ತಿ, ಜರಡಿ ಹಿಡೀಬೇಕು."

"ನಾಳೆ ಹೊಟ್ಟಿನ ಟೀ ಕುಡೀರಿ ಹಂಗಾರೆ." ಅಷ್ಟರಲ್ಲಿ ಡಬ್ಬಿಯೊಳಗಿನ ಹಲ್ಲು ಅವರ ಕಣ್ಣಿಗೆ ಬಿತ್ತು. "ಇದ್ಯಾರ್ದು ತಾಯಿ?"

"ಗೊತ್ತಿಲ್ಲ ಆಂಟಿ. ಯಾವಾಗ್ಲೋ ಕಿತ್ತಿದ್ದು."

"ಗಂಡಸಿನದೋ ಹೆಂಗಸಿನದೋ? ಇದ್ದಾರೋ ಹೋಗಿದ್ದಾರೋ?"

"ಹಲ್ಲಿಗೆ ಅದೆಲ್ಲ ಯಾಕೆ? ನಾಲ್ಕು ತೂತಿದೆ, ಸಾಕು" ಎಂದರು ಚೌಡಯ್ಯ.

"ನಿಮಗೇನು! ಕಾರ್ಖಾನೇಲೂ ತೂತು ಹುಡುಕಿದ್ರಿ, ಮನೇಲಿ ನನ್ನ ಮಾತಲ್ಲೂ ತೂತು ಹುಡುಕಿದ್ರಿ, ಈಗ ಬಾಯಲ್ಲೂ ಅದೇ. ಡಾಕ್ಟ್ರು ಕಾಣಲ್ಲ ಅಂದ್ರೆ ಬಿಡಬಾರ್ದಾ?" ಎಂದು ಹೇಳಿದ ಮಾಸ್ತಮ್ಮ, ಹೊಟ್ಟಿನ ಪುಟ್ಟಿಯನ್ನು ಕಾಲಿಂದ ಪಕ್ಕಕ್ಕೆ ಸರಿಸಿದರು. ಆಮೇಲೆ ತಮಗೆ ತಾವೇ ಹೇಳಿಕೊಂಡಂತೆ, "ಆದ್ರೂ ಅಷ್ಟಕ್ಕೇ ಇಲ್ಲ ಅನ್ನೋದೂ ತಪ್ಪೇ ಬಿಡಿ. ದೇವ್ರೂ ಕಾಣಲ್ಲ. ಹಂಗಂತ ಯಾವ ಡಾಕ್ಟ್ರು ಕಿತ್ತಾಕ್ತಾನೆ?" ಎಂದರು.

ನೌರೀನ್ ಮಜ್ಜಿಗೆ ನೆತ್ತಿಗೇರುವಂತೆ ನಕ್ಕಳು.

ಪ್ಲಾಸ್ಟರ್ ಆರಿದ ಮೇಲೆ ಬೆಂಕಿಪೊಟ್ಟಣದಷ್ಟು ದೊಡ್ಡ ತುಂಡೊಂದರಲ್ಲಿ ಹಲ್ಲು ದವಡೆಯಲ್ಲಿರುವಂತೆಯೇ ನೆಲೆನಿಂತಿತು. ಚೌಡಯ್ಯನವರು ಅದರ ಪಕ್ಕದಲ್ಲಿ ಮೊಳೆಯಿಂದ ದಿನಾಂಕ ಕೊರೆದರು.

ಸೋಮವಾರ ನಾಲ್ಕು ಬಗೆಯಲ್ಲಿ ಚಿತ್ರ ತೆಗೆದರು. ಮೊದಲನೆಯದು ಚಿಕಿತ್ಸಾಲಯದಲ್ಲಿಯೇ ನೇರವಾಗಿ ಹಿಡಿದ ಸಾಮಾನ್ಯ ಎಕ್ಸ್‌ರೇ. ಅದರಲ್ಲಿ ಮೂರು ಬಿಳಿ ಗೆರೆಗಳು ಸುಂದರವಾಗಿ ಬಂದವು. ನಾಲ್ಕನೆಯ ನಾಳದ ಸುಳಿವೇ ಇಲ್ಲ. ಒಂದರ ಬೆನ್ನಿಗೆ ಒಂದಿದ್ದ ನಾಳಗಳು ನೇರ ನೋಟಕ್ಕೆ ಒಂದೇ ಆಗಿದ್ದವು. ಎರಡನೆಯ ಸಲ ಚೌಡಯ್ಯನವರು ಎಕ್ಸ್‌ರೇ ಕೊಳವೆಯನ್ನು ಇಪ್ಪತ್ತು ಡಿಗ್ರಿ ಓರೆಯಾಗಿಸಿದರು. ಆಗ ಬಿಳಿ ಗೆರೆ ಬೇರಿನ ನಟ್ಟನಡುವಿನಿಂದ ಒಂದು ಬದಿಗೆ ಸರಿಯಿತು. ಇನ್ನೊಂದು ಬದಿಯಲ್ಲಿ ಬಲ್ಲವರಿಗೆ ಮಾತ್ರ ಕಾಣುವಂತೆ ಕಪ್ಪು ಎಳೆಯೊಂದು ಮೂಡಿತು.

"ನೋಡಿದ್ಯಾ? ಒಂದೇ ಕಡೆಯಿಂದ ನೋಡಿ ಯಾವ ಪೀಸನ್ನೂ ಪಾಸ್ ಮಾಡಂಗಿಲ್ಲ" ಎಂದರು ಅವರು.

ಆಲ್ಕೊಳದ ಕೇಂದ್ರದಲ್ಲಿ ಯಂತ್ರ ನಡೆಸುವ ಬಿಂದುಶ್ರೀ ಪ್ಲಾಸ್ಟರ್ ತುಂಡನ್ನು ರೋಗಿಯ ಗದ್ದ ಇಡುವ ಜಾಗದಲ್ಲಿ ಕೂರಿಸಿದಳು. "ಮೇಡಂ, ಇಷ್ಟು ಒಳ್ಳೆ ಪೇಶೆಂಟ್ ಈ ವರ್ಷ ಬಂದಿಲ್ಲ. ಅಲುಗಾಡ್ಲೂ ಇಲ್ಲ, ಫೋನೂ ತೆಗೀಲಿಲ್ಲ." ಮೊದಲು ಚೌಡಯ್ಯನವರಿಗೆ ಮಾಡಿದಂತೆಯೇ ಇಡೀ ದವಡೆಯ ಅಳತೆಯ ವಿಶಾಲ ಸ್ಕ್ಯಾನ್. ತುಂಬಿದ ಮದ್ದಿನಿಂದ ಬಿಳಿ ಕಿರಣಗಳು ಸಿಡಿದು, ಬೇರಿನ ಸುತ್ತಲಿನದನ್ನೆಲ್ಲ ಮುಚ್ಚಿಹಾಕಿದ್ದವು. ನಾಲ್ಕನೆಯ ನಾಳ ಅಲ್ಲಿಯೂ ಇಲ್ಲ. ಕೊನೆಗೆ ನೋಟವನ್ನು ಕೆಲವೇ ಹಲ್ಲುಗಳಗಲಕ್ಕೆ ಕುಗ್ಗಿಸಿ, ಹೆಚ್ಚು ಸೂಕ್ಷ್ಮವಾಗಿ ತೆಗೆದ ಸಣ್ಣ ಸ್ಕ್ಯಾನ್. ಬಿಳಿ ಕಿರಣಗಳು ಇನ್ನೂ ಇದ್ದವು, ಆದರೆ ಅವುಗಳ ನಡುವೆ ಸೂಜಿಮೊನೆಯಷ್ಟು ಕಪ್ಪು ಚುಕ್ಕೆಯೊಂದು ಸ್ಪಷ್ಟವಾಗಿ ನಿಂತಿತ್ತು.

ನಾಲ್ಕು ನೋಟಗಳಲ್ಲಿ ಎರಡು ಕುರುಡು. ಇಲ್ಲವೆಂದು ತೀರ್ಪು ಕೊಟ್ಟಿದ್ದುದು ಆ ಎರಡೇ.

ಮಂಗಳವಾರ ಬೆಳಿಗ್ಗೆ ನಾಲ್ಕೂ ಚಿತ್ರಗಳನ್ನು ವೀರೇಂದ್ರರ ಮುಂದೆ ಇಟ್ಟರು. ಮಾಸ್ತಮ್ಮನೂ ಬಂದಿದ್ದರು. ವೀರೇಂದ್ರರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಸರಿ. ನಾನು ತೆಗೆಸಿದ ಸ್ಕ್ಯಾನಿಗೆ ನಾಲ್ಕನೇದು ಕಾಣಲ್ಲ ಅಂತಾಯ್ತು. ಆದ್ರೆ ಯಜಮಾನ್ರೆ, ಇದ್ರಿಂದ ನಿಮ್ಮ ಹಲ್ಲಲ್ಲಿ ನಾಲ್ಕನೇದು ಇದೆ ಅಂತ ಆಗ್ಲಿಲ್ಲ."

"ಆಗ್ಲಿಲ್ಲ. ನಾನು ಇದೆ ಅಂತ ಯಾವತ್ತು ಹೇಳ್ದೆ ಸಾರ್? ನಿಮಗೆ ಗೊತ್ತಿಲ್ಲ ಅನ್ನೋದು ನಿಮಗೆ ಗೊತ್ತಾಗ್ಲಿ ಅಂತ ಇಷ್ಟೆಲ್ಲ."

ನೌರೀನ್ ನೆಲ ನೋಡಿದಳು. ವೀರೇಂದ್ರರ ಕಿವಿ ಕೆಂಪಾಯಿತು, ಆದರೆ ಅವರು ಎದ್ದುಹೋಗಲಿಲ್ಲ.

"ನಾನ್ಯಾಕೆ ಅಂಜ್ತೀನಿ ಹೇಳ್ತೀನಿ ಕೇಳಿ. ಹತ್ತು ವರ್ಷದ ಹಿಂದೆ ಒಬ್ಬ ಟೀಚರಮ್ಮನ ಹಲ್ಲಲ್ಲಿ ಇರದ ನಾಳ ಹುಡುಕೋಕೆ ಹೋಗಿ ಹಲ್ಲಿನ ತಳಕ್ಕೇ ತೂತು ಹೊಡೆದೆ. ಆರು ತಿಂಗಳು ಆಯಮ್ಮ ನರಳಿದ್ರು. ಅವತ್ತಿಂದ ಕಾಣದೆ ಕೊರೆಯಲ್ಲ."

ಚೌಡಯ್ಯನವರು ಮೊದಲ ಬಾರಿಗೆ ಆ ವೈದ್ಯರನ್ನು ಗೌರವದಿಂದ ನೋಡಿದರು. "ಅದು ನ್ಯಾಯ. ಕಾಣದೆ ಕೊರೀಬೇಡಿ. ಹಂಗೇ ಕಾಣದೆ ಕೀಳಲೂಬೇಡಿ. ಸಣ್ಣ ಸ್ಕ್ಯಾನ್ ಮಾಡ್ಸಿ. ನಾಲ್ಕನೇದು ಕಂಡ್ರೆ ತೆರೀರಿ."

"ಕಾಣದಿದ್ರೆ?"

"ಇಲ್ಲ ಅಂತ ನಾನೇ ಬರ್ಕೊಡ್ತೀನಿ. ಆದ್ರೆ ಪೆನ್ನಿ ಹಲ್ಲು ಅದೇ ಶಾಟಿನಲ್ಲಿ ನನ್ನ ಜೊತೇಲೇ ಇರ್ಬೇಕು. ನಿನ್ನೆ ಯಂತ್ರದ ಕಣ್ಣು ಚೆನ್ನಾಗಿತ್ತು, ಇವತ್ತು ಪೊರೆ ಬಂದಿರ್ಬಹುದು. ಮೂವತ್ತೊಂದು ವರ್ಷದಲ್ಲಿ ಒಂದು ಶಾಟೂ ಪೆನ್ನಿ ಇಲ್ದೆ ನಂಬಿಲ್ಲ, ನನ್ನ ಬಾಯಿಗೋಸ್ಕರ ನಿಯಮ ಮುರಿಯಲ್ಲ."

"ಜೊತೇಲಿ ಅಂದ್ರೆ ಎಲ್ಲಿ?" ಎಂದರು ಮಾಸ್ತಮ್ಮ ಅನುಮಾನದಿಂದ.

"ಕೆನ್ನೆ ಒಳಗಡೆ..."

"ಯಾರ್ದೋ ಬಾಯಿಂದ ಬಿದ್ದಿದ್ದನ್ನ ನಿಮ್ಮ ಬಾಯಿಗೆ ಹಾಕ್ಕೊಂಡು ನನ್ನ ಅಡುಗೆಮನೆಗೆ ಬಂದ್ರೆ ನೋಡಿ!"

"ಹಬೇಲಿ ಬೇಯಿಸಿದ್ದೀವಿ ಆಂಟಿ" ಎಂದಳು ನೌರೀನ್.

"ಬೇಯಿಸಿದ್ರೆ ಅದು ಬದನೇಕಾಯಾಗುತ್ತಾ? ಹೊರಗಡೆ ಅಂಟಿಸಿ."

ಆ ತೀರ್ಪಿಗೆ ಮೇಲ್ಮನವಿ ಇರಲಿಲ್ಲ. ಪ್ಲಾಸ್ಟರನ್ನು ಕೆತ್ತಿ ಕಿರಿದಾಗಿಸಿ, ಹಾಳೆಯಲ್ಲಿ ಸುತ್ತಿ, ಚೌಡಯ್ಯನವರ ಎಡಗೆನ್ನೆಯ ಹೊರಗೆ ಬಿಳಿ ಪಟ್ಟಿಯಿಂದ ಅಂಟಿಸಿದರು. ಹಾಗೆಯೇ ಅವರು ಮಾಸ್ತಮ್ಮ, ನೌರೀನರೊಡನೆ ಆಟೋದಲ್ಲಿ ಕುಳಿತು, ಆಲ್ಕೊಳ ವೃತ್ತದಲ್ಲಿ ಜನ ತಿರುಗಿ ತಿರುಗಿ ನೋಡುತ್ತಿದ್ದರೂ ತಲೆ ಎತ್ತಿಯೇ ಸಾಗಿದರು. ವೀರೇಂದ್ರರು ಬೆಳಗಿನ ರೋಗಿಗಳನ್ನು ಕಾಯಿಸಿ, ತಮ್ಮ ಕಾರಿನಲ್ಲಿ ಹಿಂದೆಯೇ ಬಂದರು. ಬಿಂದುಶ್ರೀ ಯಂತ್ರದ ನೋಟವನ್ನು ಹಲ್ಲೂ ಕೆನ್ನೆಯೂ ಎರಡೂ ಒಳಗಾಗುವಷ್ಟಕ್ಕೆ ಹೊಂದಿಸಿದಳು.

ಪರದೆಯ ಮುಂದೆ ಐವರೂ ನಿಂತರು. ನೌರೀನ್ ಮೊದಲು ಪೆನ್ನಿ ಹಲ್ಲಿನ ಕಡೆಗೆ ಹೋದಳು. ಪದರ ಪದರವಾಗಿ ಇಳಿಯುತ್ತ ಹೋದಂತೆ ಕಪ್ಪು ಚುಕ್ಕೆ ಮೂಡಿತು, ಉಳಿಯಿತು, ಬೇರಿನ ತುದಿಯವರೆಗೂ ಜೊತೆಗೇ ಬಂತು.

"ಕಣ್ಣು ಚೆನ್ನಾಗಿದೆ. ಈಗ ನನ್ನದು" ಎಂದರು ಚೌಡಯ್ಯ. ಅವರ ಕೈ ಕುರ್ಚಿಯ ಬೆನ್ನನ್ನು ಹಿಡಿದುಕೊಂಡಿತ್ತು.

ಅವರ ಹಲ್ಲು ಬಂದಿತು. ಮುಂಭಾಗದ ಕೆನ್ನೆಬೇರು. ಮೇಲಿನ ಪದರದಲ್ಲಿ ಒಂದು ಬಿಳಿ ಚುಕ್ಕೆ, ಪಕ್ಕದಲ್ಲಿ ಏನೂ ಇಲ್ಲ. ಅದರ ಕೆಳಗಿನದರಲ್ಲಿಯೂ ಹಾಗೆಯೇ. ನೌರೀನ್ ನಿಧಾನವಾಗಿ ಇಳಿದಳು, ಮತ್ತೆ ಮೇಲೇರಿದಳು, ಬೆಳಕನ್ನು ಹೆಚ್ಚಿಸಿದಳು, ತಗ್ಗಿಸಿದಳು. ಬಿಳಿಯ ಚುಕ್ಕೆ ಬೇರಿನ ನಟ್ಟನಡುವೆಯೇ ಇತ್ತು. ನಾಲ್ಕನೆಯದಕ್ಕೆ ತಾವೇ ಇರಲಿಲ್ಲ. ಆದರೆ ಬೇರಿನ ಹೊರಬದಿಯಲ್ಲಿ, ಎಲುಬು ಇರಬೇಕಾದ ಕಡೆ, ಕಪ್ಪಗಿನ ಕಿರಿದಾದ ಓಣಿಯೊಂದು ಮೇಲಿನಿಂದ ಕೆಳಗಿನವರೆಗೆ ಹರಿದಿತ್ತು.

ಆ ಓಣಿಯನ್ನು ಮೊದಲು ಓದಿದವರು ಚೌಡಯ್ಯನವರೇ.

"ಕ್ರ್ಯಾಕ್" ಎಂದರು.

ಚಿಕಿತ್ಸಾಲಯಕ್ಕೆ ಹಿಂದಿರುಗಿ ನೌರೀನ್ ಅಳತೆಯ ಕಡ್ಡಿಯನ್ನು ಒಸಡಿನ ಸುತ್ತ ಇಳಿಸಿ ನೋಡಿದಳು. ಎಲ್ಲೆಡೆ ಎರಡು, ಮೂರು ಮಿಲಿಮೀಟರಿಗೆ ನಿಲ್ಲುತ್ತಿದ್ದ ಕಡ್ಡಿ ಆ ಒಂದು ತಾವಿನಲ್ಲಿ ಒಂಬತ್ತಕ್ಕೆ ಇಳಿಯಿತು. ಬೇರು ಉದ್ದಕ್ಕೆ ಸೀಳಿತ್ತು. ಮೊದಲೇ ಸೀಳಿತ್ತೋ, ಈಚಿನ ವಾರಗಳಲ್ಲಿ ಸೀಳಿತೋ ಯಾರೂ ಹೇಳುವಂತಿರಲಿಲ್ಲ. ಸೀಳಿದ ಬೇರಿಗೆ ಮದ್ದಿಲ್ಲ.

ಆಕೆಯ ಕಣ್ಣು ತುಂಬಿ ಬಂದಿತ್ತು. "ಅಂಕಲ್, ತುಂಬಿದ ಮದ್ದು ತೆಗೆದು ಒಂದು ಸಲ ತೆರೆದು ನೋಡೋಣ. ಎಲ್ಲಾದ್ರೂ ಒಂದು ಎಳೆ ತಪ್ಪಿಹೋಗಿರ್ಬಹುದು..."

"ಪೆನ್ನಿ ಕಂಡಿದೆ ತಾಯಿ."

"ಆದ್ರೂ..."

"ಏನಿದು ಮಾರಾಯ್ತಿ? ನಮಗೆ ಬೇಕಾದ್ದು ಬರ್ಲಿಲ್ಲ ಅಂತ ಈಗ ನಾವೇ ಫಿಲ್ಮನ್ನ ಸುಳ್ಳು ಅನ್ನೋಣಾ? ಹಂಗಾದ್ರೆ ನಂಗೂ ಇವ್ರಿಗೂ ಏನು ವ್ಯತ್ಯಾಸ?" ಎಂದು ಅವರು ವೀರೇಂದ್ರರತ್ತ ಬೆರಳು ತೋರಿದರು. "ಸಾರ್, ನಾಲ್ಕನೇದು ಇಲ್ಲ. ಇದು ನಾನು ಹೇಳೋದು. ನೋವು ತಲೇಲೂ ಇಲ್ಲ, ಬೇರಲ್ಲಿದೆ. ಇದು ನೀವು ಹೇಳ್ಬೇಕು."

ವೀರೇಂದ್ರರು, "ಬೇರಲ್ಲೇ ಇತ್ತು. ನಾನು ಅಂದಿದ್ದು ತಪ್ಪು" ಎಂದರು.

"ಅಂದ್ರೆ ಅವತ್ತೇ ಕಿತ್ತಿದ್ರೆ ಆಗ್ತಿತ್ತಲ್ರೀ" ಎಂದರು ಮಾಸ್ತಮ್ಮ. ಅವರ ದನಿಯಲ್ಲಿ ಕೊಂಕಿರಲಿಲ್ಲ. ಗಂಡ ಇನ್ನು ಏನನ್ನು ತಿನ್ನಬಲ್ಲರೆಂದು ಅವರು ಆಗಲೇ ಲೆಕ್ಕಿಸತೊಡಗಿದ್ದರು.

"ಆಗ್ತಿರ್ಲಿಲ್ಲ. ಅವತ್ತು ಕಿತ್ತಿದ್ರೆ ಊಹೆಗೆ ಕಿತ್ತಂಗೆ. ಇವತ್ತು ಕಾರಣಕ್ಕೆ. ನನ್ನ ದವಡೆ ಕಾರಣ ಕೇಳುತ್ತೆ, ಊಹೆಗೆಲ್ಲ ಬಿಟ್ಟುಕೊಡಲ್ಲ. ಸೂಜಿ ಹಾಕಿ ಸಾರ್."

ಕೀಳುವುದಕ್ಕೆ ಹತ್ತು ನಿಮಿಷ ಹಿಡಿಯಿತು. ಸೀಳಿದ ಬೇರು ಬೇರೆಯಾಗಿಯೇ ಬಂತು. ವೀರೇಂದ್ರರು ಗಾಯಕ್ಕೆ ಹತ್ತಿ ಒತ್ತಿ, ಕಚ್ಚಿಕೊಂಡು ಮನೆಗೆ ಹೋಗುವಂತೆ ಹೇಳಿದರು. ಚೌಡಯ್ಯನವರು ಏಳಲಿಲ್ಲ. ಮಾತಾಡಲಾರದೆ ಕಿಸೆಯಿಂದ ಪೆನ್ನು ತೆಗೆದು, ಔಷಧಿ ಚೀಟಿಯ ಬೆನ್ನಿಗೆ ಬರೆದು ತೋರಿಸಿದರು: ರಿಜೆಕ್ಟಾದ ಪೀಸನ್ನು ಕೊಯ್ದು ನೋಡದೆ ಬಿಡುವುದಿಲ್ಲ.

"ಮುಗೀತಲ್ಲ ಯಜಮಾನ್ರೆ, ಇನ್ನೇನು ನೋಡೋದು? ಹೊರಗಡೆ ಒಂಬತ್ತು ಜನ ಕಾಯ್ತಿದ್ದಾರೆ."

ಚೌಡಯ್ಯನವರು ಚೀಟಿಯ ಮೇಲೆ ಬೆರಳು ಕುಟ್ಟಿದರು. ಫಿಲ್ಮಿನ ಮಾತು ನಿಜವೋ ಸುಳ್ಳೋ ಎಂಬುದನ್ನು ಕೊನೆಯದಾಗಿ ಹೇಳುವುದು ಗರಗಸವೊಂದೇ. ಅದನ್ನು ಕೇಳದೆ ಹೋದರೆ ಅವರ ಸೋಲೂ ಊಹೆಯಾಗಿಯೇ ಉಳಿಯುತ್ತಿತ್ತು.

ವೀರೇಂದ್ರರು ನೌರೀನಳ ಕಡೆ ನೋಡಿದರು. ಆಕೆ ಆಗಲೇ ಕೊಯ್ಯುವ ಚಕ್ರವನ್ನು ಜೋಡಿಸಿ ನಿಂತಿದ್ದಳು. ಅದನ್ನು ಆಕೆಯ ಕೈಯಿಂದ ತಾವೇ ತೆಗೆದುಕೊಂಡು, ಬೇರನ್ನು ಅಡ್ಡಕ್ಕೆ ಕ್ರಮವಾಗಿ ಕೊಯ್ದರು. ಮೊದಲ ಬಿಲ್ಲೆಯಲ್ಲಿ ಮದ್ದು ತುಂಬಿದ ಒಂದು ನಾಳ, ಅದರಿಂದ ಹೊರಟ ಒಂದು ಬಿರುಕು. ಬೇರೊಂದು ದ್ವಾರವಿಲ್ಲ. ಚೌಡಯ್ಯನವರು ಭೂತಗನ್ನಡಿಯಲ್ಲಿ ನೋಡಿ, ಇನ್ನೂ ಕೆಳಗೆ ಎಂದು ಕೈ ಮಾಡಿದರು. ಎರಡನೆಯ ಬಿಲ್ಲೆಯೂ ಹಾಗೆಯೇ. ಇನ್ನೂ ಕೆಳಗೆ. ಹೊರಗೆ ಯಾರೋ ಬಾಗಿಲು ತಟ್ಟಿದರು. "ಕೂತ್ಕೊಳ್ಳಿ, ಕೆಲಸ ನಡೀತಿದೆ!" ಎಂದು ವೀರೇಂದ್ರರು ಚಕ್ರವನ್ನು ನಿಲ್ಲಿಸದೆಯೇ ಕೂಗಿದರು. ಮೂರನೆಯದು, ನಾಲ್ಕನೆಯದು. ಬೇರಿನ ತುದಿಯವರೆಗೆ ಒಂದೇ ನಾಳ, ಒಂದೇ ಬಿರುಕು.

ಚೌಡಯ್ಯನವರು ಬಿಲ್ಲೆಗಳನ್ನು ಬಿಳಿ ಕಾಗದದ ಮೇಲೆ ಸಾಲಾಗಿ ಇಟ್ಟರು. ಕೆಳಗೆ ದುಂಡಗಿನ ಅಕ್ಷರಗಳಲ್ಲಿ ಬರೆದರು: ನಾಲ್ಕನೆಯ ನಾಳ ಇಲ್ಲ. ಬಿರುಕು ಇದೆ. ಕೊಯ್ದು ನೋಡಿದ್ದೇವೆ. ಸಹಿ ಹಾಕಿ, ದಿನಾಂಕ ಬರೆದು, ಪೆನ್ನನ್ನು ವೈದ್ಯರ ಕಡೆಗೆ ಚಾಚಿದರು.

"ನಾನ್ಯಾಕೆ?" ಎಂದರು ವೀರೇಂದ್ರರು.

ಚೌಡಯ್ಯನವರು ಬಾಯಿಯ ಹತ್ತಿಯನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡರು. ತುಟಿಯ ಅಂಚಿನಲ್ಲಿ ರಕ್ತವಿತ್ತು. ಜೋಮು ಹಿಡಿದ ನಾಲಿಗೆ ತೊದಲಿತು. "ಕಂಡೋರು ಸಹಿ ಹಾಕ್ಬೇಕು. ನಮ್ಮ ಶಾಪಿನಲ್ಲಿ ಮ್ಯಾನೇಜರಾದ್ರೂ ಸರಿ, ಕಂಡ ಮೇಲೆ ಸಹಿ ಹಾಕ್ದೆ ಹೋಗಂಗಿರ್ಲಿಲ್ಲ."

ವೀರೇಂದ್ರರು ಆ ಕಾಗದವನ್ನು ಮತ್ತೊಮ್ಮೆ ಓದಿ, ಕೆಳಗೆ ತಮ್ಮ ಹೆಸರು ಬರೆದರು. ಅಭ್ಯಾಸಬಲದಿಂದ ಹೆಸರಿನ ಮುಂದೆ ಪದವಿಗಳನ್ನು ಬರೆಯಹೊರಟು ಅರ್ಧಕ್ಕೇ ನಿಲ್ಲಿಸಿದರು. ಅವರ ಕೆಳಗೆ ನೌರೀನ್ ಸಹಿ ಮಾಡಿದಳು.

ಚೌಡಯ್ಯನವರು ಕಾಗದವನ್ನು ಮಡಿಸಲು ಕೈ ಹಾಕುವಷ್ಟರಲ್ಲಿ ಮಾಸ್ತಮ್ಮ ಮೇಜಿನ ಬಳಿ ಬಂದರು.

"ನಾನೂ ಕಂಡಿದ್ದೀನಿ. ನಂದ್ಯಾಕೆ ಬೇಡ? ಕೊಡಿ ಇಲ್ಲಿ" ಎಂದು ಗಂಡನ ಕೈಯಿಂದ ಪೆನ್ನು ಕಿತ್ತುಕೊಂಡು, ಎಲ್ಲರ ಹೆಸರಿಗಿಂತ ದೊಡ್ಡದಾಗಿ ತಮ್ಮ ಹೆಸರನ್ನು ಬರೆದರು.